ಜೀಪಿನ ಕಾರ್ಬುರೇಟರ್ ಮತ್ತು ನಾವು ಕೊಡದ 'ನೋಡುವ ಕೂಲಿ'

ನಮ್ಮಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪು ಉಂಟು. ಮಹೀಂದ್ರಾ ಸಿಜೆ-3ಬಿ, ಹರಿಕೇನ್ ಇಂಜಿನ್. ನಾನು ಅದನ್ನು ತೆಗೆದುಕೊಂಡದ್ದು 1997ರಲ್ಲಿ, ಎರಡನೇ ಕೈಯಲ್ಲಿ. ಟಾರು ರಸ್ತೆಯಿಂದ ನಮ್ಮ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ, ಅದರಲ್ಲಿ ಅರ್ಧ ಏರು. ಆಟೋದವರು ಕೆಳಗಿನ ಸಂಕದ ಹತ್ತಿರವೇ ಬಾಡಿಗೆ ಇಳಿಸಿ ತಿರುಗಿಸುತ್ತಾರೆ. ಹಾಗಾಗಿ ಆ ಜೀಪು ನಮ್ಮದು ಮಾತ್ರ ಅಲ್ಲ, ಆಚೀಚೆ ಐದು ಮನೆಗಳದ್ದೂ ಹೌದು. ಗೊಬ್ಬರ ಬರುವುದು, ಅಡಿಕೆ ಹೋಗುವುದು, ಅಕ್ಕಿ ಬರುವುದು ಎಲ್ಲ ಅದರಲ್ಲೇ. ಮೇಲಿನ ಮನೆಯ ಹಿರಿಯರೊಬ್ಬರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅವರನ್ನು ಬೆಳಿಗ್ಗೆ ಐದೂವರೆಗೆ ಟಾರು ರಸ್ತೆಗೆ ಮುಟ್ಟಿಸುವ ಕೆಲಸವೂ ಅದಕ್ಕೇ.

ಈ ಜೀಪಿಗೆ 2025ರ ಜನವರಿಯಲ್ಲಿ ಹೊಸ ಕಾರ್ಬುರೇಟರ್ ಹಾಕಿಸಿದೆ. ಅಲ್ಲಿಂದ ಎರಡು ತಿಂಗಳು ನಾನು ಪಟ್ಟ ಪಾಡು ಹೇಳಿದರೆ ಕೆಲವರಿಗೆ ನಗು ಬಂದೀತು. ಆದರೆ ಬರೆಯುತ್ತಿರುವುದು ಪಾಡು ಹೇಳಿಕೊಳ್ಳಲಿಕ್ಕಲ್ಲ. ಜೀಪು ಇಲ್ಲದವರಲ್ಲೂ ಹುಲ್ಲು ಕೊಚ್ಚುವ ಯಂತ್ರ ಉಂಟು, ಔಷಧಿ ಹೊಡೆಯುವ ಪೆಟ್ರೋಲ್ ಪಂಪು ಉಂಟು. ಅವಕ್ಕೂ ಇದೇ ರೋಗ ಬರುತ್ತದೆ, ಇದೇ ತಪ್ಪು ಚಿಕಿತ್ಸೆ ನಡೆಯುತ್ತದೆ. ಆ ತಪ್ಪಿನಲ್ಲಿ ನಮ್ಮ ಪಾಲು ಮೆಕ್ಯಾನಿಕರ ಪಾಲಿಗಿಂತ ಕಮ್ಮಿಯದ್ದಲ್ಲ ಅಂತ ನನಗೀಗ ಕಾಣುತ್ತದೆ.

ಹಳೆಯ ಕಾರ್ಬುರೇಟರ್ ಸೋಲೆಕ್ಸ್. ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಒಳಗಿನ ಅಡ್ಡ ಕಡ್ಡಿ ಸವೆದು ಗಟಗಟ ಅಲ್ಲಾಡುತ್ತಿತ್ತು. ಪೆಟ್ರೋಲೂ ಜಾಸ್ತಿ ಕುಡಿಯುತ್ತಿತ್ತು. 'ಇದನ್ನು ರಿಪೇರಿ ಮಾಡುವ ಕಾಲ ಹೋಯ್ತು, ಹೊಸತು ಹಾಕುವ' ಅಂದ ಪೇಟೆಯ ಗ್ಯಾರೇಜಿನ ಹುಡುಗ. ಮೂರೂವರೆ ಸಾವಿರ ಕೊಟ್ಟು ತಂದೆವು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಂದ ಅದರ ಮೇಲೆ ಯಾವ ಕಂಪೆನಿಯ ಹೆಸರೂ ಇರಲಿಲ್ಲ. ನೋಡಲಿಕ್ಕೆ ಹಳೆಯದರ ತಮ್ಮನ ಹಾಗೇ ಇತ್ತು. ಬೋಲ್ಟಿನ ತೂತುಗಳೂ ಸರಿಯಾಗಿ ಕೂತವು. ಒಂದು ಗಂಟೆಯೊಳಗೆ ಕೆಲಸ ಮುಗಿಯಿತು.

ಮನೆಗೆ ಬರುವಾಗಲೇ ಸುರುವಾಯಿತು. ಚೋಕ್ ಎಳೆದರೆ ಇಂಜಿನ್ ಚಂದ ಓಡುತ್ತದೆ. ಚೋಕ್ ಬಿಟ್ಟ ಕೂಡಲೆ ಉಸಿರು ಕಟ್ಟಿದ ಹಾಗೆ ಮಾಡಿ ನಿಲ್ಲುತ್ತದೆ. ಆಕ್ಸಿಲರೇಟರ್ ಮೆಲ್ಲ ಒತ್ತಿದರೆ ಮೇಲಿನಿಂದ ಟಪ್ ಟಪ್ ಅಂತ ಕೆಮ್ಮು. ಏರಿನಲ್ಲಿ ದಮ್ಮಿಲ್ಲ. ಇವೆಲ್ಲ ತಂಪು ಹೊತ್ತಿನ ಕತೆ. ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ ನಿಲ್ಲಿಸಿದರೆ ಅರ್ಧ ಗಂಟೆ ಸ್ಟಾರ್ಟೇ ಇಲ್ಲ. ಆಮೇಲೆ ಏನೂ ಆಗದವರ ಹಾಗೆ ಒಂದೇ ಸಲಕ್ಕೆ ಸ್ಟಾರ್ಟ್.

ಹುಡುಗನಲ್ಲಿಗೆ ಹೋದೆ. ಅವನು ಪ್ಲಗ್ ನಾಲ್ಕೂ ಬದಲಿಸಿದ. ಮುಂದಿನ ವಾರ ಕಾಯಿಲ್. ಅದರ ಮುಂದಿನ ವಾರ ಪಾಯಿಂಟ್, ಕಂಡೆನ್ಸರ್ ಎರಡೂ ಒಟ್ಟಿಗೆ. ಕೊನೆಗೆ ಪೆಟ್ರೋಲ್ ಪಂಪ್. ಪ್ರತಿ ಸಲ ಹೋದಾಗ ಇಂಜಿನ್ ನಿಲ್ಲಬಾರದು ಅಂತ ಸ್ಲೋ ಸ್ಕ್ರೂ ತಿರುಗಿಸಿ ರೇಸ್ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ ಕಳುಹಿಸಿದ. ಕಡೆಕಡೆಗೆ ಜೀಪು ಅಂಗಳದಲ್ಲಿ ನಿಂತಲ್ಲೇ ಹಿಟ್ಟಿನ ಮಿಲ್ಲಿನ ಹಾಗೆ ಕೂಗುತ್ತಿತ್ತು. ಸಾಮಾನಿನ ಚೀಟಿಗಳನ್ನೆಲ್ಲ ಕೂಡಿಸಿದರೆ ಒಂಬತ್ತು ಸಾವಿರ ದಾಟಿತು. ಕಾರ್ಬುರೇಟರಿನ ದುಡ್ಡು ಬೇರೆ.

ಫೆಬ್ರವರಿ ಕೊನೆಗೆ ಎಂಟು ಗೋಣಿ ಚಾಲಿ ಹೇರಿಕೊಂಡು ಪುತ್ತೂರಿಗೆ ಹೊರಟವನು ಕಾಡಿನ ತಿರುವಿನ ಏರಿನಲ್ಲಿ ನಿಂತೆ. ಕೆಳಗಿನಿಂದ ಪಿಕಪ್ ತರಿಸಿ ಗೋಣಿ ಬದಲಿಸಿ ಮುಟ್ಟಿಸುವಾಗ ಅಂಗಡಿ ಬಾಗಿಲು ಹಾಕುವ ಹೊತ್ತು. ಅದಾದರೂ ಅಡಿಕೆ, ನಾಳೆ ಕೊಟ್ಟರೂ ಆಗುತ್ತದೆ. ಮಾರ್ಚ್ ಮೊದಲ ವಾರ ಮೇಲಿನ ಮನೆಯ ಹಿರಿಯರನ್ನು ಡಯಾಲಿಸಿಸ್‌ನಿಂದ ಕರೆದು ತರುವಾಗ ಅದೇ ತಿರುವಿನಲ್ಲಿ ಪುನಃ ನಿಂತಿತು. ಮಧ್ಯಾಹ್ನ ಎರಡೂವರೆ ಗಂಟೆ. ಅವರಿಗೆ ತಲೆ ತಿರುಗುತ್ತಿತ್ತು. ಮುಕ್ಕಾಲು ಗಂಟೆ ಅವರನ್ನು ನೇರಳೆ ಮರದ ಬುಡದಲ್ಲಿ ಮಲಗಿಸಿ, ಅವರ ಮಗ ಬೈರಾಸಿನಲ್ಲಿ ಗಾಳಿ ಹಾಕುತ್ತಿದ್ದ. ಅವರು ಒಂದು ಮಾತೂ ಹೇಳಲಿಲ್ಲ. 'ನಿಮಗೆ ತೊಂದರೆ ಆಯ್ತಲ್ಲ ಭಟ್ರೇ' ಅಂತ ನನಗೇ ಸಮಾಧಾನ ಹೇಳಿದರು.

ಆ ದಿನ ರಾತ್ರಿ ಜೀಪು ಮಾರುವ ಮಾತು ಮನೆಯಲ್ಲಿ ಎದ್ದಿತು. ಗ್ಯಾರೇಜಿನ ಹುಡುಗ ಅದಕ್ಕಿಂತ ಮೊದಲೇ ಹೇಳಿಯಾಗಿತ್ತು, ಪೆಟ್ರೋಲ್ ಇಂಜಿನ್ ಎತ್ತಿ ಡೀಸೆಲ್ ಕೂರಿಸುವ ಅಂತ. ಹಾಗೆ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಸುಖವಾಗಿಯೂ ಇದ್ದಾರೆ. ಆದರೆ ಇಂಜಿನ್ ಬದಲಿಸಿದರೆ ಆರ್‌ಟಿಓದಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಇಲ್ಲದಿದ್ದರೆ ಅಪಘಾತ ಆದ ದಿನ ಇನ್ಶೂರೆನ್ಸಿನವರ ಮುಂದೆ ನಾವು ಕಳ್ಳರು. ಖರ್ಚೂ ಲಕ್ಷದ ಮಾತು.

ಸೊಸೈಟಿಯಲ್ಲಿ ಸಿಕ್ಕಿದ ಒಬ್ಬರು, 'ಆಚಾರ್ರಿಗೆ ಒಮ್ಮೆ ತೋರಿಸಿ ನೋಡಿ' ಅಂದರು. ಆಚಾರ್ರು ಅಂದರೆ ಹಿಂದೆ ಘಾಟಿ ಹತ್ತುವ ಲಾರಿಗಳನ್ನು ರಿಪೇರಿ ಮಾಡುತ್ತಿದ್ದವರು. ಎಪ್ಪತ್ತು ದಾಟಿದೆ. ಗ್ಯಾರೇಜು ಮುಚ್ಚಿ ಮಗನ ಮನೆಯಲ್ಲಿದ್ದಾರೆ. ಕರೆದರೆ ಬರುತ್ತಾರೆ, ಆದರೆ ಅವರ ಟೈಮಿಗೆ.

ಬಂದವರು ಸ್ಪ್ಯಾನರ್ ಮುಟ್ಟಲಿಲ್ಲ. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿಯುತ್ತ ಇಷ್ಟು ದಿನದ ಕತೆ ಪೂರ ಕೇಳಿದರು. ಯಾವಾಗ ನಿಲ್ಲುತ್ತದೆ? ತಂಪಿರುವಾಗವಾ, ಬಿಸಿಯಾದ ಮೇಲೆಯಾ? ಏರಿನಲ್ಲಿ ಮಾತ್ರವಾ, ಸಮತಟ್ಟಿನಲ್ಲೂ ಉಂಟಾ? ಚೋಕ್ ಅರ್ಧ ಎಳೆದರೆ ಎಂತ ಆಗ್ತದೆ? ಈ ಪ್ರಶ್ನೆಗಳನ್ನು ಎರಡು ತಿಂಗಳಲ್ಲಿ ಯಾರೂ ನನ್ನಲ್ಲಿ ಕೇಳಿರಲಿಲ್ಲ. ನಾನೂ ನನ್ನಲ್ಲಿ ಕೇಳಿಕೊಂಡಿರಲಿಲ್ಲ.

'ಮೊದಲು ಕಿಡಿ, ಮತ್ತೆ ಗಾಳಿ, ಕಡೆಗೆ ಎಣ್ಣೆ' ಅಂದರು. ಕಿಡಿ ಅಂದರೆ ಪ್ಲಗ್, ಪಾಯಿಂಟ್, ಟೈಮಿಂಗ್. ಅದು ಸರಿಯಿಲ್ಲದೆ ಕಾರ್ಬುರೇಟರ್ ಮುಟ್ಟಿದರೆ ಎರಡೂ ಹಾಳು. ನಮ್ಮದರಲ್ಲಿ ಕಿಡಿಯ ಸಾಮಾನೆಲ್ಲ ಹೊಸತು, ಟೈಮಿಂಗ್ ಒಂದು ಸ್ವಲ್ಪ ಹಿಂದೆ ಇತ್ತು. ಅದನ್ನು ಸರಿ ಮಾಡಿ ಮುಂದೆ ಹೋದರು.

ಚೋಕ್ ಅಂದರೆ ಗಾಳಿಯ ಬಾಗಿಲು. ಅದನ್ನು ಮುಚ್ಚಿದಷ್ಟೂ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲಿಕ್ಕೆ ಸುಮಾರು ಹದಿನೈದು ಕಿಲೋ ಗಾಳಿ ಬೇಕಂತೆ. ಬಿಸಿಯಾದ ಇಂಜಿನ್ ಚೋಕ್ ಎಳೆದಾಗ ಚಂದ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಅಂದರೆ ಅದಕ್ಕೆ ಗಾಳಿ ಹೆಚ್ಚಾಗಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ಕೆಮ್ಮುವುದೂ ಅದಕ್ಕೇ. ಪ್ಲಗ್ ಬಿಚ್ಚಿ ತೋರಿಸಿದರು. ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಸರಿಯಿದ್ದರೆ ಕಾಫಿ ಹುಡಿಯ ಬಣ್ಣ ಇರಬೇಕು, ಪೆಟ್ರೋಲ್ ಹೆಚ್ಚಾದರೆ ಮಸಿ ಹಿಡಿಯುತ್ತದೆ. ಈ ಬಿಳಿ ಬಣ್ಣವನ್ನು ಹುಡುಗನೂ ನೋಡಿರಬೇಕು. ಪ್ಲಗ್ ಬಿಸಾಡಿ ಹೊಸತು ಹಾಕಿದ, ಅಷ್ಟೆ. ಹಳದಿಯಾದ ಸೋಗೆ ಕಡಿದು ಬಿಸಾಡಿ ಬೇರನ್ನು ನೋಡದ ಹಾಗೆ.

ಮತ್ತೊಂದು ಮಾತು ಹೇಳಿದರು, ಅದು ನನಗೆ ತುಂಬ ಉಪಯೋಗಕ್ಕೆ ಬಂತು. ಇಂಜಿನ್ ಸ್ಲೋದಲ್ಲಿ ಇರುವಾಗ ಥ್ರಾಟಲ್ ಬಾಗಿಲು ಮುಚ್ಚಿರುತ್ತದೆ, ಆಗ ಒಳಗಿನಿಂದ ಎಳೆತ ಜೋರು. ಎಲ್ಲಿಯಾದರೂ ಬಿರುಕು ಇದ್ದರೆ ಆಗಲೇ ಅಲ್ಲಿಂದ ಗಾಳಿ ನುಗ್ಗುವುದು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆ ಎಳೆತ ಇರುವುದಿಲ್ಲ. ಹಾಗಾಗಿ ಸ್ಲೋದಲ್ಲಿ ತೊಂದರೆ ಜಾಸ್ತಿಯಿದ್ದರೆ ಗಾಳಿಯ ಸೋರಿಕೆ ಹುಡುಕಬೇಕು. ಏರಿನಲ್ಲಿ, ಹೇರಿನಲ್ಲಿ ತೊಂದರೆ ಇದ್ದರೆ ಪೆಟ್ರೋಲ್ ಬರುವ ದಾರಿ ನೋಡಬೇಕು. ನಮ್ಮದರಲ್ಲಿ ಎರಡೂ ಇತ್ತು. ಅಂದರೆ ರೋಗ ಒಂದಲ್ಲ.

ಗಾಳಿ ಎಲ್ಲಿಂದ?

ಇಸ್ತ್ರಿ ಹಾಕುವಾಗ ನೀರು ಚಿಮುಕಿಸುವ ಬಾಟ್ಲಿ ಕೇಳಿದರು. ಇಂಜಿನ್ ಓಡುತ್ತಿರುವಾಗ ಕಾರ್ಬುರೇಟರಿನ ಬುಡದ ಸುತ್ತ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟರು. ಡೆಲ್ಕೋ ಮೇಲೆ, ಪ್ಲಗ್ಗಿನ ಮೇಲೆ ಬೀಳದ ಹಾಗೆ ಕೈ ಅಡ್ಡ ಹಿಡಿದು. ಎಡಬದಿಯ ಮೂಲೆಗೆ ನೀರು ಬಿದ್ದ ಕೂಡಲೆ ಇಂಜಿನಿನ ಸ್ವರ ಬದಲಾಯಿತು, ಒಂದು ಕ್ಷಣ ಸಮ ಓಡಿತು. ನೀರು ಬಿರುಕು ಮುಚ್ಚಿದಷ್ಟು ಹೊತ್ತು ಗಾಳಿ ನಿಂತಿತು. ಕೆಲವರು ಇದನ್ನೇ ಪೆಟ್ರೋಲ್ ಹಾಕಿ ನೋಡುತ್ತಾರೆ. ಬಿಸಿ ಇಂಜಿನಿಗೆ ಪೆಟ್ರೋಲ್ ಚಿಮುಕಿಸುವುದು ಮನೆ ಸುಟ್ಟುಕೊಳ್ಳುವ ಕೆಲಸ, ಯಾರೂ ಮಾಡಬೇಡಿ.

ಬಿಚ್ಚಿದರೆ ಸಂಗತಿ ಸ್ಪಷ್ಟ. ಹಳೆಯ ಕಾರ್ಬುರೇಟರಿನ ಅಡಿಯಲ್ಲಿ ಒಂದು ದಪ್ಪದ ಕಪ್ಪು ತುಂಡು ಇತ್ತು, ಶಾಖ ತಡೆಯುವಂಥದ್ದು. ಹುಡುಗ ಅದನ್ನು 'ಬೇಡ' ಅಂತ ತೆಗೆದು ಎರಡು ಕಾಗದದ ಪ್ಯಾಕಿಂಗ್ ಇಟ್ಟು ಗಮ್ ಹಾಕಿ ಬೋಲ್ಟ್ ಬಿಗಿದಿದ್ದ. ಸೋರುತ್ತದೆ ಅಂತ ಕಂಡಾಗ ಇನ್ನೂ ಬಿಗಿದಿದ್ದ. ಮೆತ್ತಗಿನ ಎರಕ, ಎರಡು ಕಿವಿಗಳೂ ಕೆಳಗೆ ಬಾಗಿ ನಡು ಎದ್ದು ನಿಂತಿತ್ತು. ಆಚಾರ್ರು ಹಳೆಯ ಕಿಟಕಿಯ ಗ್ಲಾಸಿನ ತುಂಡು ತರಿಸಿ, ಅದರ ಮೇಲೆ ಎಮರಿ ಕಾಗದ ಹಾಸಿ, ಕಾರ್ಬುರೇಟರಿನ ಬುಡವನ್ನು ಎಂಟರ ಆಕಾರದಲ್ಲಿ ತಿಕ್ಕಿದರು. ಮೊದಲು ಕಿವಿಗಳು ಮಾತ್ರ ಹೊಳೆದವು. ಒಂದು ಗಂಟೆ ತಿಕ್ಕಿದ ಮೇಲೆ ಇಡೀ ಬುಡ ಹೊಳೆಯಿತು. ತಿಕ್ಕಿದ್ದು ಅವರಲ್ಲ, ನನ್ನ ಮಗ.

ಎರಡನೇ ಸೋರಿಕೆ ಇನ್ನೂ ತಮಾಷೆಯದ್ದು. ಹೊಸ ಕಾರ್ಬುರೇಟರಿನ ಬದಿಯಲ್ಲಿ ಪೆನ್ನಿನ ರೀಫಿಲ್ ಗಾತ್ರದ ಒಂದು ಹಿತ್ತಾಳೆಯ ನಳಿಗೆ ಇತ್ತು. ಕೆಲವು ಗಾಡಿಗಳಲ್ಲಿ ಅಲ್ಲಿಂದ ಡೆಲ್ಕೋಗೆ ಪೈಪು ಹೋಗುತ್ತದೆ, ಎಳೆತಕ್ಕೆ ಸರಿಯಾಗಿ ಟೈಮಿಂಗ್ ಮುಂದೆ ಹಾಕಲಿಕ್ಕೆ. ನನ್ನ ಜೀಪಿನ ಡೆಲ್ಕೋಗೆ ಆ ವ್ಯವಸ್ಥೆಯೇ ಇಲ್ಲ. ಹಳೆಯ ಕಾರ್ಬುರೇಟರಿಗೂ ಆ ನಳಿಗೆ ಇರಲಿಲ್ಲ. ಹುಡುಗ ಅದನ್ನು ಹಾಗೇ ತೆರೆದು ಬಿಟ್ಟಿದ್ದ. ಆಕ್ಸಿಲರೇಟರ್ ಸ್ವಲ್ಪ ಒತ್ತಿದ ಕೂಡಲೆ ಅಲ್ಲಿಂದ ಗಾಳಿ. ಮೆಲ್ಲ ಒತ್ತಿದಾಗ ಕೆಮ್ಮುತ್ತಿದ್ದುದು ಅದಕ್ಕೆ. ಒಂದು ರಬ್ಬರ್ ಬುರುಡೆ ಹಾಕಿ ತಂತಿ ಸುತ್ತಿದರು. ಬೆಲೆ ಹತ್ತು ರೂಪಾಯಿ. ಇದಕ್ಕಾಗಿ ನಾನು ಕಾಯಿಲ್, ಕಂಡೆನ್ಸರ್, ಪಂಪ್ ಎಲ್ಲ ಬದಲಿಸಿದ್ದೆ ಮಾರಾಯ್ರೆ!

ಬಿಸಿಲಲ್ಲಿ ನಿಲ್ಲುತ್ತಿದ್ದುದಕ್ಕೆ ಆ ದಪ್ಪದ ತುಂಡೇ ಕಾರಣ. ಈ ಹರಿಕೇನ್ ಇಂಜಿನಿನ ರಚನೆ ಸ್ವಲ್ಪ ಬೇರೆ. ಗಾಳಿ ಒಳಬರುವ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಹೋಗುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಒಳಬರುವ ದಾರಿಯನ್ನು ಹೆಡ್ಡಿನೊಳಗೇ ಎರಕ ಹೊಯ್ದಿದ್ದಾರೆ. ಹಾಗಾಗಿ ಕಾರ್ಬುರೇಟರ್ ಕೂರುವುದು ಹೆಡ್ಡಿನ ನೆತ್ತಿಯ ಮೇಲೆ. ಓಡುತ್ತಿರುವಾಗ ಫ್ಯಾನಿನ ಗಾಳಿ, ಒಳಬರುವ ತಂಪು ಪೆಟ್ರೋಲ್ ಎಲ್ಲ ಇರುತ್ತದೆ. ಏರು ಹತ್ತಿ ನಿಲ್ಲಿಸಿದ ಮೇಲೆ ಹೆಡ್ಡಿನ ಶಾಖವೆಲ್ಲ ಮೇಲೇರಿ ಬೌಲ್‌ನಲ್ಲಿದ್ದ ಪೆಟ್ರೋಲನ್ನು ಕುದಿಸುತ್ತದೆ. ಆಗ ಸೆಲ್ಫ್ ಎಷ್ಟು ಹೊಡೆದರೂ ಬ್ಯಾಟರಿ ಖಾಲಿಯಾಗುವುದು ಮಾತ್ರ. ಹಿಂದೆ ಘಾಟಿಯಲ್ಲಿ ಡ್ರೈವರುಗಳು ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕೇ. ನಾವು ಅದನ್ನು ನೋಡಿ ನಗುತ್ತಿದ್ದೆವು. ಹಳೆಯ ತುಂಡು ಪುಣ್ಯಕ್ಕೆ ಗ್ಯಾರೇಜಿನ ತಗಡಿನ ಡಬ್ಬಿಯಲ್ಲಿ ಸಿಕ್ಕಿತು. ತಂದು ಕೂರಿಸಿದೆವು.

ಪೆಟ್ರೋಲಿನ ದಾರಿ

ಏರಿನಲ್ಲಿ ದಮ್ಮಿಲ್ಲದ್ದಕ್ಕೆ ಮೂರು ಕಡೆ ನೋಡಿದರು. ಮೊದಲನೆಯದು ನಾನೇ ನೋಡಬಹುದಾಗಿದ್ದದ್ದು. ಒಬ್ಬರು ಒಳಗೆ ಕೂತು, ಇಂಜಿನ್ ಬಂದ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಬೇಕು. ಇನ್ನೊಬ್ಬರು ಬೋನೆಟ್ ಎತ್ತಿ ಥ್ರಾಟಲ್ ಪೂರ್ತಿ ತೆರೆಯುತ್ತದಾ ಅಂತ ನೋಡಬೇಕು. ಹೊಸ ಕಾರ್ಬುರೇಟರಿನ ಕೈ ಹಳೆಯದಕ್ಕಿಂತ ಉದ್ದ, ರಾಡು ಅಷ್ಟೇ. ಮುಕ್ಕಾಲು ಮಾತ್ರ ತೆರೆಯುತ್ತಿತ್ತು. ರಾಡಿನ ಉದ್ದ ಸರಿಮಾಡಿದ್ದಕ್ಕೆ ಐದು ನಿಮಿಷ.

ಎರಡನೆಯದು ಬೌಲ್‌ನೊಳಗಿನ ಫ್ಲೋಟ್. ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದ ಹಾಗೆ ಅದು. ನಮ್ಮದರಲ್ಲಿ ಮಟ್ಟ ತಗ್ಗಿತ್ತು. ಸಮತಟ್ಟಿನಲ್ಲಿ ನಡೆಯುತ್ತದೆ, ಆದರೆ ಏರಿನಲ್ಲಿ ಪೆಟ್ರೋಲ್ ಒಂದು ಬದಿಗೆ ವಾಲಿ ಜೆಟ್ ಬರಿದಾಗುತ್ತದೆ. ತೆಂಗಿನ ಗೆರಟೆಯನ್ನು ವಾಲಿಸಿ ನೀರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಕಾರ್ಬುರೇಟರಿನ ಫ್ಲೋಟ್ ಕಾರ್ಖಾನೆಯಿಂದಲೇ ಸರಿ ಬಂದಿರುತ್ತದೆ ಅಂತ ನಂಬುವುದು ತಪ್ಪು ಅಂತ ಅವರ ಅಭಿಪ್ರಾಯ. ಹೆಸರಿಲ್ಲದ ಸಾಮಾನಾದರೆ ಬಿಚ್ಚದೆ ಹಾಕಲೇ ಬಾರದು. ಒಳಗೆ ಎರಕದ ಹುಡಿ, ಲೋಹದ ಚೂರು ಉಳಿದಿರುತ್ತದೆ. ನಮ್ಮದರಲ್ಲೂ ಬೌಲ್‌ನ ತಳದಲ್ಲಿ ಒಂದು ಚಿಟಿಕೆ ಸಿಕ್ಕಿತು.

ಮೂರನೆಯದು ಜೆಟ್. ಪೆಟ್ರೋಲ್ ಹೋಗುವ ಹಿತ್ತಾಳೆಯ ಚಿಕ್ಕ ತೂತು. ಸೋಲೆಕ್ಸ್ ಜೆಟ್ಟಿನ ಮೇಲಿರುವ ನಂಬ್ರ ಮಿಲಿಮೀಟರಿನ ನೂರನೇ ಒಂದರ ಲೆಕ್ಕ. 130 ಅಂದರೆ ತೂತು 1.30 ಮಿಲಿಮೀಟರ್. ಹಳೆಯದರಲ್ಲಿ ನಂಬ್ರ ಇತ್ತು. ಹೊಸತರ ಜೆಟ್ಟಿನಲ್ಲಿ ಏನೂ ಇಲ್ಲ, ಬೆಳಕಿಗೆ ಹಿಡಿದರೆ ತೂತು ಸಣ್ಣದು ಅಂತ ಬರಿಗಣ್ಣಿಗೇ ಕಾಣುತ್ತಿತ್ತು. ಮರೆ ಸರಿಹೊಂದಿದ್ದರಿಂದ ಹಳೆಯ ಜೆಟ್ಟನ್ನೇ ತೆಗೆದು ಹೊಸದಕ್ಕೆ ಹಾಕಿದರು. ಸವೆದ ಹಳೆಯ ಕಾರ್ಬುರೇಟರನ್ನು ನಾನು ಗುಜರಿಗೆ ಕೊಟ್ಟಿದ್ದರೆ ಅಲ್ಲಿಗೆ ಕೆಲಸ ನಿಲ್ಲುತ್ತಿತ್ತು. ಅಂದ ಹಾಗೆ ಜೆಟ್ ಕಟ್ಟಿದರೆ ತಂತಿ ಚುಚ್ಚುವ ಅಭ್ಯಾಸ ನಮಗೆಲ್ಲ ಉಂಟು. ಹಿತ್ತಾಳೆ ಮೆತ್ತಗೆ, ಒಂದೆರಡು ಸಲ ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಪೆಟ್ರೋಲಲ್ಲಿ ತೊಳೆದು ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಸಾಕು.

ಜೆಟ್ಟಿನ ವಿಷಯದಲ್ಲಿ ಈಗ ಇನ್ನೊಂದು ಸಂಗತಿ ಸೇರಿಕೊಂಡಿದೆ. ನಾವು ಈಗ ಹಾಕಿಸಿಕೊಳ್ಳುವುದು ಬರೀ ಪೆಟ್ರೋಲ್ ಅಲ್ಲ. ಶೇಕಡಾ 20 ಎಥನಾಲ್ ಬೆರೆತ ಇ-20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದು ಹೆಚ್ಚಿನ ಕಡೆಗೆ ಬಂದಾಯಿತು. ಎಥನಾಲಿಗೆ ಉರಿಯಲಿಕ್ಕೆ ಗಾಳಿ ಕಮ್ಮಿ ಸಾಕು. ಅಂದರೆ ಹಳೆಯ ಜೆಟ್ಟಿನಲ್ಲಿ ಇ-20 ಹೋದರೆ ಅದೇ ಗಾಳಿಗೆ ಪೆಟ್ರೋಲ್ ಕಮ್ಮಿಯಾದ ಹಾಗೆ ಲೆಕ್ಕ. ಇಂಜೆಕ್ಷನ್ ಗಾಡಿಗಳಲ್ಲಿ ಕಂಪ್ಯೂಟರ್ ಅದನ್ನು ಬಹುಮಟ್ಟಿಗೆ ಸರಿ ಮಾಡಿಕೊಳ್ಳುತ್ತದೆ. ಕಾರ್ಬುರೇಟರಿಗೆ ಕಣ್ಣಿಲ್ಲ. ಮೊದಲೇ ಸಣ್ಣ ಜೆಟ್, ಮೇಲೆ ಗಾಳಿ ಸೋರಿಕೆ, ಅದರ ಮೇಲೆ ಎಥನಾಲ್. ನಮ್ಮ ಜೀಪು ನಿಲ್ಲದೆ ಏನು ಮಾಡೀತು! ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ ಕೂಡ ಎಥನಾಲಿಗೆ ಉಬ್ಬುತ್ತವೆ, ಬಿರಿಯುತ್ತವೆ. ಪೈಪುಗಳನ್ನೆಲ್ಲ ಒಮ್ಮೆ ಬಗ್ಗಿಸಿ ನೋಡಿ ಬದಲಿಸುವುದು ಒಳ್ಳೆಯದು. ಎಥನಾಲ್ ಬೇಡ ಅಂತ ನಾನು ಹೇಳುವುದಿಲ್ಲ. ಬಯಲುಸೀಮೆಯ ಕಬ್ಬಿನವರಿಗೆ, ಜೋಳದವರಿಗೆ ಅದರಿಂದ ನಾಲ್ಕು ಕಾಸು ಬರುವುದಾದರೆ ಬರಲಿ. ಆದರೆ ಹಳೆಯ ಯಂತ್ರ ಇಟ್ಟುಕೊಂಡ ರೈತ ಏನು ಮಾಡಬೇಕು ಅಂತ ಪಂಪಿನ ಹತ್ತಿರ ಒಂದು ಬೋರ್ಡಾದರೂ ಬೇಡವೇ?

ಕೊನೆಗೆ ಸ್ಲೋ ಸರಿ ಮಾಡಿದರು. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲ ಪೂರ್ತಿ ಒಳಗೆ ತಿರುಗಿಸಿ, ತಾಗಿದ ಕೂಡಲೆ ನಿಲ್ಲಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಬಿಗಿದರೆ ಅದರ ಚೂಪು ತುದಿ ಹಾಳಾಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ಅತ್ತಿತ್ತ ತಿರುಗಿಸಿ, ಎಲ್ಲಿ ಜೋರಾಗಿ ಸಮ ಓಡುತ್ತದೋ ಅಲ್ಲಿ ಬಿಟ್ಟು, ರೇಸ್ ಸ್ಕ್ರೂ ಇಳಿಸಿದರು. ಹಿಟ್ಟಿನ ಮಿಲ್ಲು ನಿಂತಿತು.

ಒಂದೂವರೆ ದಿನ ಹಿಡಿಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಸಂಕದವರೆಗೆ ಓಡಿಸಿ ನೋಡುವುದು. ನನಗೆ ತಾಳ್ಮೆ ತಪ್ಪುತ್ತಿತ್ತು. 'ಎಲ್ಲ ಒಟ್ಟಿಗೆ ಮಾಡಿದರೆ ಆಗದಾ ಆಚಾರ್ರೇ?' ಅಂದೆ. 'ಆಗ್ತದೆ. ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗುವುದಿಲ್ಲ, ಅಷ್ಟೆ' ಅಂದರು.

ಕೂಲಿಯ ಮಾತು

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ಹೊರಡುವಾಗ ಎಷ್ಟು ಅಂತ ಕೇಳಿದೆ. ಸಾಮಾನಿಗೆ ನೂರೈವತ್ತು ಆಗಿತ್ತು. ಅವರು ಒಂದೂವರೆ ಸಾವಿರ ಹೇಳಿದರು. ನನ್ನ ಮನಸ್ಸಿನಲ್ಲಿ ಆ ಕ್ಷಣಕ್ಕೆ ಬಂದದ್ದನ್ನು ಮುಚ್ಚಿಡದೆ ಬರೆಯುತ್ತೇನೆ. 'ಒಂದು ರಬ್ಬರ್ ಬುರುಡೆ ಹಾಕಿ, ಗ್ಲಾಸಿನ ಮೇಲೆ ತಿಕ್ಕಿಸಿದ್ದಕ್ಕೆ ಒಂದೂವರೆ ಸಾವಿರವಾ?' ಅಂತ ಅನಿಸಿತು. ಒಂಬತ್ತು ಸಾವಿರದ ಸಾಮಾನಿಗೆ ಚಕಾರ ಎತ್ತದೆ ಕೊಟ್ಟವನು ನಾನು! ಅಡಿಕೆ ಸುಲಿಯುವವರಿಗೆ, ಮರ ಹತ್ತುವವರಿಗೆ ದಿನಕ್ಕೆ ಎಷ್ಟು ಕೊಡುತ್ತೇವೆ ಅಂತ ಲೆಕ್ಕ ಹಾಕಿದರೆ ಅವರು ಕೇಳಿದ್ದು ಹೆಚ್ಚೇನೂ ಅಲ್ಲ.

ಸಾಮಾನು ಕೈಗೆ ಸಿಗುತ್ತದೆ. ಚೀಟಿ ಇರುತ್ತದೆ. ಹಾಗಾಗಿ ದುಡ್ಡು ಕೊಡಲಿಕ್ಕೆ ನಮಗೆ ಬೇಸರ ಇಲ್ಲ. ರೋಗ ಹುಡುಕಿದ್ದು ಕೈಗೆ ಸಿಗುವುದಿಲ್ಲ, ಅದಕ್ಕೆ ಕೊಡುವಾಗ ಕೈ ಗಿಡ್ಡವಾಗುತ್ತದೆ. ಗ್ಯಾರೇಜಿನ ಹುಡುಗ ಇದನ್ನು ನಮ್ಮಿಂದಲೇ ಕಲಿತಿದ್ದಾನೆ. ಅವನು ಒಂದು ದಿನ ಕೂತು ಹುಡುಕಿ ಹತ್ತು ರೂಪಾಯಿಯ ಬುರುಡೆ ಹಾಕಿದರೆ ನಾವು ನೂರು ರೂಪಾಯಿ ಕೊಟ್ಟು ಬರುತ್ತೇವೆ. ಅದೇ ಕಾಯಿಲ್ ಬದಲಿಸಿದರೆ ಅವನಿಗೆ ಅಂಗಡಿಯ ಕಮಿಷನ್ನೂ ಉಂಟು, ಕೂಲಿಯೂ ಉಂಟು, ನಮ್ಮಿಂದ ಒಳ್ಳೆಯ ಮಾತೂ ಉಂಟು. ಅವನಿಗೆ ಮೋಸ ಮಾಡುವ ಮನಸ್ಸಿತ್ತು ಅಂತ ನನಗೆ ಈಗಲೂ ಅನಿಸುವುದಿಲ್ಲ. ಕಾರ್ಬುರೇಟರ್ ಅವನು ಕಲಿತ ವಿದ್ಯೆಯೇ ಅಲ್ಲ. ಕಾರುಗಳೆಲ್ಲ ಇಂಜೆಕ್ಷನ್ ಆಗಿ ಇಪ್ಪತ್ತು ವರ್ಷ ದಾಟಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬೈಕುಗಳೂ ಬಹುಪಾಲು ಹಾಗೇ. ಪೇಟೆಯವರಿಗೆ ಈ ವಿದ್ಯೆ ಇನ್ನು ಬೇಡ. ಬೇಕಾಗಿರುವುದು ನಮಗೆ, ನಮ್ಮ ಹುಲ್ಲಿನ ಯಂತ್ರಕ್ಕೆ, ಸ್ಪ್ರೇಯರಿಗೆ, ಹಳೆಯ ಜೀಪಿಗೆ.

ಪಕ್ಕದ ತೋಟದವರ ಹುಲ್ಲಿನ ಯಂತ್ರ ಇದೇ ಏಪ್ರಿಲ್‌ನಲ್ಲಿ ನಿಂತಿತು. ಅಂಗಡಿಯವರು ಹೇಳಿದರು ಅಂತ ಹೊಸ ಕಾರ್ಬುರೇಟರ್ ಹಾಕಿಸಿ ತಂದರು, ಎರಡು ದಿನಕ್ಕೆ ಪುನಃ ನಿಂತಿತು. ಆಚಾರ್ರಿಂದ ಕಲಿತ ಗರ್ವದಲ್ಲಿ ನಾನು ಟ್ಯಾಂಕಿನೊಳಗಿನ ಪೈಪು ಎಳೆದು ನೋಡಿದೆ. ಮುರಿಯುವಷ್ಟು ಗಟ್ಟಿಯಾಗಿ, ಬುಡದಲ್ಲಿ ಸೀಳು ಬಿಟ್ಟಿತ್ತು. ಟ್ಯಾಂಕು ತುಂಬ ಇದ್ದಾಗ ಓಡುತ್ತದೆ, ಅರ್ಧಕ್ಕೆ ಇಳಿದರೆ ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಒಂದು ಗೇಣು ಪೈಪಿನ ಕೆಲಸ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲಿನದ್ದೂ ಇದೇ ಕತೆ. ಎಥನಾಲ್ ಗಾಳಿಯ ಪಸೆ ಎಳೆದುಕೊಂಡು ನೀರು ತಳದಲ್ಲಿ ಕೂರುತ್ತದೆ. ಔಷಧಿ ಹೊಡೆದು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುವುದು ಲೇಸು.

ನಮ್ಮ ಹಾಲಿನ ಸೊಸೈಟಿಯಲ್ಲಿ ನಾನು ಒಂದು ಮಾತು ಇಟ್ಟಿದ್ದೇನೆ. ಆಚಾರ್ರಂಥವರು ಊರಿಗೆ ಒಬ್ಬಿಬ್ಬರಾದರೂ ಇದ್ದಾರೆ. ಅವರನ್ನು ತಿಂಗಳಿಗೆ ಒಂದು ದಿನ ಕರೆದು, ದಿನದ ಕೂಲಿ ಸೊಸೈಟಿಯಿಂದಲೇ ಕೊಟ್ಟು, ನಾಲ್ಕು ಹುಡುಗರನ್ನು ಹತ್ತಿರ ಕೂರಿಸುವುದು. ಅವರವರ ಯಂತ್ರ ಅವರವರು ತರುವುದು. ಸಾಮಾನು ಹಾಕಲಿ, ಹಾಕದಿರಲಿ, ನೋಡಿದ್ದಕ್ಕೆ ಇಂತಿಷ್ಟು ಅಂತ ಕೊಡುವುದು. ಗ್ಯಾರೇಜಿನ ಹುಡುಗನನ್ನೂ ಕರೆಯಬೇಕು ಅಂತ ನನ್ನ ಆಸೆ. 'ಅವನು ಬರ್ತಾನಾ?' ಅಂತ ಒಬ್ಬರು, 'ನೋಡಿದ್ದಕ್ಕೆಲ್ಲ ದುಡ್ಡು ಕೊಟ್ಟರೆ ಆದೀತಾ?' ಅಂತ ಇನ್ನೊಬ್ಬರು. ಮಾತು ಅಲ್ಲಿಗೇ ನಿಂತಿದೆ. ಬೇರೆ ಊರುಗಳಲ್ಲಿ ಯಾರಾದರೂ ಇಂಥದ್ದು ಮಾಡಿದ್ದರೆ, ಹೇಗೆ ನಡೆಸಿದಿರಿ, ಕೂಲಿ ಹೇಗೆ ಹೊಂದಿಸಿದಿರಿ ಅಂತ ಪತ್ರಿಕೆಗೆ ಬರೆಯಬೇಕಾಗಿ ವಿನಂತಿ.

ಆಚಾರ್ರಿಗೆ ಅವರು ಕೇಳಿದಷ್ಟು ಕೊಟ್ಟೆ, ಒಂದು ಗೊನೆ ಕದಳಿ ಬಾಳೆಹಣ್ಣನ್ನೂ. ಹಳೆಯ ಕಾರ್ಬುರೇಟರಿನ ಸವೆದ ಕಡ್ಡಿಗೆ ಪುತ್ತೂರಿನ ಒಂದು ಲೇತಿನಲ್ಲಿ ಬುಷ್ ಹಾಕಿಸಬಹುದಂತೆ. ಅದನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದಲ್ಲಿ ಇಟ್ಟಿದ್ದೇನೆ. ಮೇಲಿನ ಮನೆಯ ಹಿರಿಯರು ಮಂಗಳವಾರ, ಶುಕ್ರವಾರ ಹೋಗಿ ಬರುತ್ತಿದ್ದಾರೆ, ಆ ತಿರುವಿನಲ್ಲಿ ಮತ್ತೆ ನಿಲ್ಲಲಿಲ್ಲ. ಎರಡನೇ ಗೇರಿನಲ್ಲಿ ಫಕ್ಕನೆ ಆಕ್ಸಿಲರೇಟರ್ ಒತ್ತಿದರೆ ಮಾತ್ರ ಒಂದು ಕ್ಷಣ ತಡವರಿಸುತ್ತದೆ. ಅದು ಕಾರ್ಬುರೇಟರಿನೊಳಗಿನ ಪಂಪಿನ ಡಯಾಫ್ರಾಂ ಇರಬೇಕು, ಮಳೆ ಬಿಟ್ಟ ಮೇಲೆ ನೋಡುವ ಅಂದಿದ್ದಾರೆ ಆಚಾರ್ರು.